ಬಾಗಿದ ಉಕ್ಕಿನ ಪಟ್ಟಿ

ಗರ್ ಎಂದಿತಲ್ಲ, ಮತ್ತೆ ಅದೇ ಜಾಗದಲ್ಲಿ, ಬಂದೂಕಿನ ನಳಿಕೆಯ ಕೆಳಗೆ ಮುಂದಿನ ಕೈ ಹಿಡಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರೆ ಮೂರು ಬೆರಳಿನಷ್ಟು ಸಲೀಸಾಗಿ ಬರುತ್ತದೆ, ಆಮೇಲೆ ಒಳಗೆ ಮರಳು ಅರೆದ ಸದ್ದು, ಜೋರಾಗಿ ಎಳೆದರೆ ಮಾತ್ರ ಪೂರ್ತಿ ಬರುತ್ತದೆ — ತೋಟಾ ಇಲ್ಲವೆಂದು ಎರಡು ಸಲ ನೋಡಿದ್ದೇನೆ, ಅಬ್ಬಾ ಕಲಿಸಿದ್ದು, ಖಾಲಿ ಐತಿ ಅಂದವರ ಮಾತು ನಂಬಬ್ಯಾಡ ಬೇಟಿ, ಬೆರಳ ಹಾಕಿ ನೋಡು, ಈ ಅಂಗಡಿಯ ಹಲಗೆಯ ಮೇಲೆ ಇನ್ನೂ ಅವರದೇ ಹೆಸರಿದೆ, ಬುರಾನುದ್ದೀನ, ಬಂದೂಕು ರಿಪೇರಿ, ಲೈಸೆನ್ಸು ಮಾತ್ರ ಈಗ ಮಗಳದ್ದು, ನನ್ನದು, ನಜಮುನ್ನಿಸಾ ಎಂದರೆ ಇಡೀ ಅಫಜಲಪುರದಲ್ಲಿ ಪಂಪಿನ ಬಂದೂಕು ಬಿಚ್ಚಿ ಕೂಡಿಸಬಲ್ಲ ಒಬ್ಬಳೇ ಹೆಂಗಸು. ಎದುರಿನ ಕುರ್ಚಿಯಲ್ಲಿ ಶಾಂತಲಿಂಗಪ್ಪ, ಭೂಸನೂರಿನ ಕಬ್ಬಿನ ಹೊಲಗಳ ಧಣಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಲ್ಲಾಡುತ್ತಿರುವ ಕಾಲು, ಕೆಸರಾಗ ಬಿದ್ದಿತ್ತರಿ, ಮಣ್ಣ ಹೊಕ್ಕಿರಬೇಕು, ಲಗೂನ ಮಾಡಿ ಕೊಡ್ರಿ, ಹಂದಿ ಕಬ್ಬೆಲ್ಲಾ ಹಾಳ ಮಾಡಾಕತ್ತಾವ. ಮಾಡ್ತೇನಿ ಕೂಡ್ರಿ. ಭೂಸನೂರಿನವನು ಆಳಂದ ಬಿಟ್ಟು, ಕಲಬುರಗಿ ಬಿಟ್ಟು ಇಷ್ಟು ದೂರ ನನ್ನ ಬಳಿಗೇಕೆ ಬಂದ, ಇರಲಿ, ಮುಚ್ಚಳ ತಿರುಗಿಸು, ನಳಿಕೆ ಹೊರಗೆ ತೆಗೆ, ಪಿನ್ನು, ಸ್ಪ್ರಿಂಗು, ಸ್ಕ್ರೂ, ಒಂದೊಂದಾಗಿ ಬಿಳಿ ತಟ್ಟೆಗೆ. ಮಣ್ಣು? ಇಲ್ಲ. ಚಿಟಿಕೆಯಷ್ಟೂ ಇಲ್ಲ. ಎಣ್ಣೆಯೂ ಇಲ್ಲ, ಯಾರೋ ನೀರು ಹಾಕಿ ತಿಕ್ಕಿ ತೊಳೆದಿದ್ದಾರೆ, ಹೊಸ ತುಕ್ಕು ಅರಿಶಿನದ ಹಾಗೆ ಹತ್ತಿದೆ, ಬಂದೂಕನ್ನು ಎಮ್ಮೆ ತೊಳೆದ ಹಾಗೆ ತೊಳೆಯುವವರು ಯಾರು?

ತೋಟಾ ತುಂಬುವ ಕೊಳವೆಯ ಎಡಬದಿಗೆ ತಗ್ಗು, ಬೆರಳಿಗೇ ಸಿಗುತ್ತದೆ, ಅದರ ಪಕ್ಕದಲ್ಲಿ ಓಡಾಡುವ ಉಕ್ಕಿನ ಪಟ್ಟಿ ಒಳಕ್ಕೆ ಬಾಗಿದೆ, ಕಟ್ಟಿಗೆಯೂ ಅಲ್ಲೇ ಸೀಳಿದೆ, ಗರಗರದ ಮೂಲ ಇದೇ. ಕೈಜಾರಿ ಬಿದ್ದ ಬಂದೂಕಿಗೆ ತುದಿಯಲ್ಲಿ ಪೆಟ್ಟಾಗುತ್ತದೆ, ನಡುವಿಗಲ್ಲ, ನಡುವಿಗೆ ಪೆಟ್ಟಾಗಬೇಕಾದರೆ ಎರಡೂ ಕೈಯಲ್ಲಿ ಹಿಡಿದು ಬೀಸಬೇಕು, ಗಟ್ಟಿ ಇರುವುದರ ಮೇಲೆ, ಎಲುಬಿನಷ್ಟು ಗಟ್ಟಿ. ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತು, ಎಡ ಹೆಗಲು ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಜೇವರ್ಗಿಯ ಮನೆ, ಅಡುಗೆಮನೆಯ ಬಾಗಿಲು, ಜುಬೇರ, ನನ್ನ ಗಂಡ, ಬಂದೂಕಿನ ಹಿಂಬದಿಯಿಂದ ಒಂದು, ಎರಡು, ಮೂರನೆಯದಕ್ಕೆ ಹೆಗಲ ಎಲುಬು ಮುರಿದ ಸದ್ದು ನನಗೇ ಕೇಳಿಸಿತ್ತು, ಕಟ್ಟಿಗೆಯೂ ಸೀಳಿತ್ತು, ವಾರದ ಮೇಲೆ ನನ್ನನ್ನೂ ಕರೆದುಕೊಂಡು ಬಂದು ಅದೇ ಬಂದೂಕನ್ನು ಇದೇ ಮೇಜಿನ ಮೇಲೆ ಇಟ್ಟಿದ್ದ, ಮಾವ, ಜರಾ ಸೀಳ್ಯಾದ ನೋಡ್ರಿ. ಅಬ್ಬಾ ಸೀಳಿನ ಮೇಲೆ ಬೆರಳಾಡಿಸಿದರು, ಜೋಳಿಗೆ ಕಟ್ಟಿದ ನನ್ನ ಕೈ ನೋಡಿದರು, ಎಲ್ಲ ತಿಳಿಯಿತು ಅವರಿಗೆ, ತಿಳಿದೂ ಸೀಳಿಗೆ ಸರೇಸಿನ ಅಂಟು ಹಚ್ಚಿದರು, ಪಾಲಿಶ್ ಮಾಡಿದರು, ಕೊಟ್ಟು ಕಳಿಸಿದರು. ಜುಬೇರ ಸತ್ತು ಒಂಬತ್ತು ವರ್ಷ, ಅಬ್ಬಾ ಹೋಗಿ ಆರು, ಇಬ್ಬರನ್ನೂ ಇನ್ನೂ ಕ್ಷಮಿಸಿಲ್ಲ. ಏನಾಗ್ಯಾದರಿ ಒಳಗ, ಎನ್ನುತ್ತಿದ್ದಾನೆ ಶಾಂತಲಿಂಗಪ್ಪ. ಪಟ್ಟಿ ಬಾಗ್ಯಾದರಿ. ಬಡಿದು ನೆಟ್ಟಗ ಮಾಡ್ರಿ ಮತ್ತ.

ಕಟ್ಟಿಗೆಯ ಸೀಳಿನೊಳಗೆ ಕಪ್ಪು ದಾರವೊಂದು, ಚಿಮುಟದಿಂದ ಎಳೆದೆ, ಬಂತು, ಬರುತ್ತಲೇ ಇತ್ತು, ಒಂದು ಗೇಣು, ಎರಡು ಗೇಣು, ದಾರವಲ್ಲ, ಹೆಂಗಸಿನ ಕೂದಲು, ಬುಡದಲ್ಲಿ ಒಣಗಿದ ಚರ್ಮದ ಚೂರು. ಕಲಬುರಗಿಯಲ್ಲಿ ನರ್ಸ್ ಆಗಿರುವ ಖಮರ, ನನ್ನ ತಂಗಿಯ ಮಗಳು, ನಿನ್ನೆ ಫೋನಿನಲ್ಲಿ ಅಳುತ್ತಿದ್ದಳು, ಖಾಲಾ, ಭೂಸನೂರದಾಕಿ ಒಬ್ಬಾಕೀನ ತಂದಾರ, ಗುರುಬಾಯಿ ಅಂತ, ದವಡಿ ಪುಡಿ ಆಗ್ಯಾದ, ಮಾತ ಬರವಲ್ದು, ಕಬ್ಬಿನ ಟ್ರ್ಯಾಕ್ಟರ್ ಬಡೀತು ಅಂತ ಮೈದುನ ಹೇಳ್ತಾನ, ಸತ್ತ ಗಂಡನ ಪಾಲಿನ ಹೊಲ ಕೇಳಿದ್ದಳಂತ. ಆ ಮೈದುನ ಯಾರೆಂದು ನಾನು ಕೇಳಿರಲಿಲ್ಲ. ಈಗ ಕೇಳಿದೆ, ಗುರುಬಾಯಿ ನಿಮಗೇನಾಗಬೇಕ್ರಿ? ಕಾಲು ಅಲ್ಲಾಡುವುದು ನಿಂತಿತು. ಎದ್ದ. ಆ ಕೂದಲ ಇಲ್ಲಿ ಕೊಡ ಬೇ. ಕೊಡಂಗಿಲ್ಲ, ಪೊಲೀಸರ ಕೈಯಾಗ ಕೊಡ್ತೇನಿ. ಮೇಜಿನ ಮೇಲಿಂದ ಅವನ ಕೈ ಬಂತು, ನನ್ನ ಜಡೆಗೇ ಬಂತು, ಹಣೆ ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳಕ್ಕೆ ಬಡಿಯಿತು, ಒಮ್ಮೆ, ಇನ್ನೊಮ್ಮೆ, ಕಣ್ಣೊಳಗೆ ರಕ್ತ ಇಳಿಯಿತು, ಕೂದಲು ನನ್ನ ಮುಷ್ಟಿಯಲ್ಲಿ, ಬಿಡಲಿಲ್ಲ, ಎಡಗೈಗೆ ಬಿಚ್ಚಿಟ್ಟ ನಳಿಕೆ ಸಿಕ್ಕಿತು, ತಣ್ಣಗಿತ್ತು, ತೂಕ ಇತ್ತು, ಬೀಸಿದೆ. ಬಾಯಿಗೆ ಬಿತ್ತು. ಜಡೆ ಬಿಟ್ಟ, ಮಂಡಿಯೂರಿದ, ಅಷ್ಟಕ್ಕೇ ಸಾಕಿತ್ತು, ಎರಡನೆಯ ಪೆಟ್ಟು ಬೇಕಿರಲಿಲ್ಲ, ನನಗೆ ಗೊತ್ತಿತ್ತು, ಹೊಡೆದೆ, ಆ ಹೊತ್ತಿಗೆ ನನ್ನ ಹೆಗಲು ಪೂರ್ತಿ ಮೇಲೆದ್ದಿತ್ತು, ನೋವೇ ಇರಲಿಲ್ಲ, ಮೂರನೆಯದಕ್ಕೂ ಕೈ ಎತ್ತಿದ್ದೆ — ಬೇಡ, ಇಳಿಸು, ನಜಮುನ್ನಿಸಾ, ಇಳಿಸು. ನಳಿಕೆ ಇಟ್ಟು ಫೋನ್ ಹಚ್ಚಿದೆ, ಆ ಕಡೆ ಪೊಲೀಸಿನವಳು, ಎಲ್ಲಿಂದ ಮಾತಾಡಾಕತ್ತೀರಿ, ಅಫಜಲಪುರ, ಬಸ್ ನಿಲ್ದಾಣದ ಹಿಂದ, ಬಂದೂಕು ರಿಪೇರಿ ಅಂಗಡಿ, ಒಬ್ಬ ಬಿದ್ದಾನರಿ, ಉಸಿರಾಡಾಕತ್ತಾನ, ಗುರುಬಾಯಿಯ ಕೂದಲ ನನ್ನ ಕೈಯಾಗದ. ಅವನ್ನ ಹೊಡದವರು ಯಾರ್ರಿ? ನಾನ ರಿ. ಅಮ್ಮಾ, ಲೈನಿನಾಗ ಇರ್ರಿ, ಗಾಡಿ ಬರಾಕತ್ತೈತಿ, ಕೇಳಸ್ತದೇನ್ರಿ, ಕೇಳಿಸುತ್ತಿದೆ, ತಟ್ಟೆಯಲ್ಲಿ ಪಿನ್ನು, ಸ್ಪ್ರಿಂಗು, ಸ್ಕ್ರೂ, ಹಲ್ಲು, ಅದು ಅವನ ಬಾಯಿಂದ ಯಾವಾಗ ಬಂದು ಬಿತ್ತು, ಎಲೆಯಡಿಕೆಯ ಕಲೆಯ ಹಲ್ಲು, ಬುಡದಲ್ಲಿ ಕೆಂಪು ಮಾಂಸ, ಅಮ್ಮಾ, ಮಾತಾಡ್ರಿ, ಪಿನ್ನು, ಸ್ಪ್ರಿಂಗು, ಸ್ಕ್ರೂ, ಹಲ್ಲು, ಬಿಳಿ ತಟ್ಟೆ, ಹಲ್ಲು