ಆಡುಸೋಗೆಗೆ ನೀರು

"ಕುಡೀಬೇ ರಂಡೆ! ಫೋಟೋ ತೆಗೀಮುಂದ ಮಾರಿ ಸಿಂಡರಸ್ತೀಯಾ?"

ಕ್ರಷರಿನ ಮಾಲೀಕ ಶಿವಯೋಗಿ ಸಾಹುಕಾರ ಗದರಿದಾಗ ತಿಪ್ಪವ್ವ ಆಡುಸೋಗೆ ಕಷಾಯದ ಲೋಟ ಎತ್ತಿದಳು. ರಂಡೆಯಾಗಲು ಇನ್ನೂ ಹೊತ್ತಿತ್ತು. ಗಂಡ ಮಾರೆಪ್ಪ ಕ್ರಷರಿನ ಹಿಂದೆ ಸಾಹುಕಾರ ಇರಲು ಕೊಟ್ಟಿದ್ದ ತಗಡಿನ ಶೆಡ್ಡಿನಲ್ಲಿ ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದ. ಕಲ್ಲಿನ ಧೂಳು ಕುಡಿದು ಕುಡಿದು ಪುಪ್ಪುಸದ ತುಂಬ ಗಾಯದ ಕಲೆ ಗಟ್ಟಿಯಾಗಿದೆ, ಮತ್ತೆ ಮೆತ್ತಗಾಗುವುದಿಲ್ಲ ಎಂದು ಶಿಗ್ಗಾವಿಯ ಡಾಕ್ಟರು ಹೇಳಿದ್ದರು. ಈಗ ತಿಪ್ಪವ್ವನಿಗೂ ಅದೇ ಒಣ ಕೆಮ್ಮು ಹತ್ತಿತ್ತು.

ತಡಸದ ಆಚೆಯ ಈ ಕ್ರಷರಿನಲ್ಲಿ ಮೊದಲು ಧೂಳಿಗೆಂದು ಬೆಲ್ಲ ಕೊಡುತ್ತಿದ್ದರು. ತಿಂದರೆ ಎದೆ ಸ್ವಚ್ಛವಾಗುತ್ತದಂತೆ! ಈಗ ಕಾಲ ಸುಧಾರಿಸಿತ್ತು, ಕಷಾಯ ಬಂದಿತ್ತು. ಸಾಹುಕಾರ ಆಫೀಸಿನ ಮುಂದೆ ಆಡುಸೋಗೆಯ ತೋಟ ಹಾಕಿಸಿ, ಧೂಳು ಏಳದಂತೆ ಕಲ್ಲಿನ ಮೇಲೆ ಚಿಮ್ಮುತ್ತಿದ್ದ ನೀರಿನ ಪೈಪನ್ನು ಬಿಚ್ಚಿಸಿ ಅಲ್ಲಿಗೆ ಎಳೆಸಿದ್ದ. ಗಿಡಗಳು ನಳನಳಿಸುತ್ತಿದ್ದವು. ಕೆಲಸದವರು ಬೂದಿ ಬಳಿದುಕೊಂಡವರಂತೆ ತಿರುಗುತ್ತಿದ್ದರು.

ಅವತ್ತು ತೋಟ ನೋಡಲು ಬಂದಿದ್ದ ಸಂಶೋಧಕ ಪ್ರಶಾಂತ ಫೋಟೋ ಮುಗಿಸಿ ಹೇಳಿದ: "ಈ ಎಲೆಯೊಳಗಿನ ಒಂದು ಅಂಶದಿಂದ ಇಲಿಗಳ ಪುಪ್ಪುಸದ ಕಲೆ ಕಡಿಮೆ ಆಗೇತಿ. ಮನುಷ್ಯಾರಿಗೆ ಆಗ್ತೈತೋ ಇಲ್ಲೋ, ಇನ್ನೂ ಗೊತ್ತಿಲ್ಲ."

"ಕೇಳಿದ್ರೆಲ್ಲೋ? ಗುಣ ಆಗೇತಂತ!" ಸಾಹುಕಾರ ಕೂಗಿದ.

ತಿಪ್ಪವ್ವನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಆ ಇಲಿ ಔಷಧ ಕುಡದು ಮತ್ತ ಧೂಳಿನ್ಯಾಗ ದುಡ್ಯಾಕ ಹೋಗಿದ್ವೇನ್ರಿ?"

ಪ್ರಶಾಂತ ಸಾಹುಕಾರನ ಮುಖ ನೋಡಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

"ಗಿಡಕ್ಕ ಬಿಟ್ಟ ನೀರು ಮಷಿನ್ನಿಗೆ ಬಿಡ್ರಿ. ಬ್ಯಾರೆ ಏನೂ ಬ್ಯಾಡ" ಎಂದಳು.

"ಗಿಡಾ ಒಣಗಿದ್ರ ನಿಮಗ ಔಷಧ ಎಲ್ಲಿಂದ ತರ್ಲಿಬೇ, ಹಲ್ಕಟ್? ಆಗಂಗಿಲ್ಲಂದ್ರ ಶೆಡ್ಡು ಬಿಡು. ಆ ಹೆಣಾನೂ ಹೊತ್ಕೊಂಡ ನಡಿ."

ಎಲ್ಲಿಗೆ ನಡೆಯುವುದು? ಕೆಮ್ಮುವವರನ್ನು ಸುತ್ತಲಿನ ಹೊಲದವರು ಕೂಲಿಗೂ ಕರೆಯುವುದಿಲ್ಲ. ತಿಪ್ಪವ್ವ ಬುಟ್ಟಿ ಎತ್ತಿದಳು.

ಮಷಿನ್ನು ಶುರುವಾಯಿತು. ಧೂಳೆದ್ದು ಪಕ್ಕದಲ್ಲೇ ಕಲ್ಲು ಹೊರುತ್ತಿದ್ದ ನಾಗವ್ವನೇ ಕಾಣದಾದಳು. ಅವಳ ಕೆಮ್ಮು ಮಾತ್ರ ಕೇಳುತ್ತಿತ್ತು, ಮಾರೆಪ್ಪನ ಮೊದಮೊದಲಿನ ಕೆಮ್ಮಿನ ಹಾಗೆಯೇ. ತಿಪ್ಪವ್ವ ಬುಟ್ಟಿ ಒಗೆದು ತೋಟಕ್ಕೆ ನುಗ್ಗಿ ಪೈಪು ಕಿತ್ತು ಎಳೆದು ತಂದಳು.

"ಬ್ಯಾಡಬೇ ಯಕ್ಕಾ, ಹೊಟ್ಟಿ ಮ್ಯಾಲ ಹೊಡೀತಾರ!" ನಾಗವ್ವ ಕೂಗಿದಳು.

ನೀರು ಕಲ್ಲಿನ ಮೇಲೆ ಬಿತ್ತು. ಧೂಳು ಕೂತಿತು. ನಾಗವ್ವನ ಹಣೆಯ ಕುಂಕುಮ ಕಂಡಿತು.

"ಮೋಟರ್ ಬಂದ್ ಮಾಡ್ರಲೇ! ಇಕಿ ಗಂಡನ್ನ ಹೊರಗ ಹಾಕ್ರಿ!" ಸಾಹುಕಾರ ಆಳುಗಳಿಗೆ ಅಬ್ಬರಿಸಿದ.

ಒಬ್ಬ ನೀರಿನ ಮೋಟರಿನ ಸ್ವಿಚ್ಚಿಗೆ ಓಡಿದ. ಅಷ್ಟರಲ್ಲಿ ನಾಗವ್ವ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

ಅತ್ತ ಶೆಡ್ಡಿನಿಂದ ಹಾಸಿಗೆ ಹೊರಗೆ ಬಿತ್ತು. ಹಿಂದೆಯೇ ಮಾರೆಪ್ಪನನ್ನೂ ಎತ್ತಿ ತಂದು ಬಿಸಿಲಿಗೆ ಕೂರಿಸಿದರು. ಒರಗಲು ಗೋಡೆಯಿಲ್ಲದೆ ಅವನು ಮೆಲ್ಲಗೆ ಒಂದು ಕಡೆಗೆ ವಾಲಿದ.

ತಿಪ್ಪವ್ವ ನೋಡಿದಳು. ಪೈಪು ಬಿಡಲಿಲ್ಲ.