ಹಸಿರು ಪಟ್ಟಿ

ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಹಾರೆ ಹಾಕಿದರೆ ಟಣ್ಣೆಂದು ತಿರುಗಿ ಕೈಗೇ ಬಡಿಯುತ್ತದೆ. ಮಾರೆಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಮತ್ತೆ ಬೊಬ್ಬೆ ಎದ್ದಿತ್ತು. ಹಳೆ ಸೀರೆಯ ಚಿಂದಿ ಸುತ್ತಿಕೊಂಡು ಸಸಿ ನೆಡುವ ಗುಂಡಿ ತೋಡುತ್ತಿದ್ದಳು. ಗುಂಡಿಗಳ ಸಾಲು ದಿನದಿನಕ್ಕೆ ಬೇವಿನ ಮರದ ಕಡೆಗೆ ಸರಿಯುತ್ತಿತ್ತು. ಆ ಮರದ ಬುಡದಲ್ಲೇ ಅವಳ ಗಂಡ ಗಾದಿಲಿಂಗನನ್ನು ಎರಡು ವರ್ಷದ ಹಿಂದೆ ಮಣ್ಣು ಮಾಡಿದ್ದರು.

ಹಚ್ಚೊಳ್ಳಿ ಊರಿನ ಆಚೆ, ಹೊಳೆದಂಡೆಯ ಆ ತುಂಡು ನೆಲ ಕೇರಿಯವರು ಹೆಣ ಹೂಳುವ ಜಾಗ. ಸರ್ಕಾರದ ಲೆಕ್ಕದಲ್ಲಿ ಬೀಳು. ಈಗ ಮೇಲೆ ಹೊಳೆಗೆ ಅಡ್ಡಗಟ್ಟೆ ಕಟ್ಟಿ ಕರೆಂಟ್ ತೆಗೆಯುವ ಕಂಪನಿ ಬಂದಿತ್ತು. ತಾನು ಕಡಿದ ಮರಗಳಿಗೆ ಬದಲಾಗಿ ದಂಡೆಯ ಮೇಲೆ ಅದು ಹಸಿರು ಪಟ್ಟಿ ಬೆಳೆಸಬೇಕಂತೆ. ಕಡಿದದ್ದು ಕಂಪನಿ, ಜಾಗ ಬಿಡಬೇಕಾದವರು ಸತ್ತವರು. ಇದಕ್ಕೆ ಪರಿಸರ ರಕ್ಷಣೆ ಅಂತ ಹೆಸರು ಬೇರೆ.

ಕೇರಿಯವರದೂ ಒಂದು ತಪ್ಪಾಗಿತ್ತು. ಹೋದ ವರ್ಷ ಹಿರಿಯರ ಹಬ್ಬಕ್ಕೆ ಮುಂಚೆ ಕಂಪನಿಯ ಗುತ್ತಿಗೆದಾರ ದೊಡ್ಡಬಸವರಾಜ ತಾನಾಗಿಯೇ ಕೇರಿಗೆ ಬಂದಿದ್ದ.

"ನಿಮ್ಮ ಸುಡುಗಾಡಿನ್ಯಾಗ ಜಾಲಿ ಹಬ್ಬೈತಿ. ಹಬ್ಬಕ್ಕ ಎಡಿ ಇಡಾಕ ಒಳಗ ಕಾಲಿಡಂಗಿಲ್ಲ. ಕಂಪನಿ ಜೆಸಿಬಿ ಕಳಸ್ತೀನಿ, ನೀವೂ ಒಂದು ಕೈ ಹಚ್ರಿ."

ಹೆಣ ಹೊತ್ತಾಗಲೆಲ್ಲ ಮುಳ್ಳು ತುಳಿದ ಜನ. ಎಂಥ ದೊಡ್ಡ ಮನಸ್ಸು ಅಂದುಕೊಂಡರು. ಜೆಸಿಬಿಗೆ ಸಿಕ್ಕಿ ಸಮಾಧಿಯ ತಲೆಗಲ್ಲುಗಳು ಒಡೆದಾವು ಅಂತ ಹೆದರಿ, ಯಾರೂ ಹೇಳದೆಯೇ ಒಂದೊಂದನ್ನೂ ಕಿತ್ತು, ಕೈಮುಗಿದು, ಬೇವಿನ ಕೆಳಗೆ ಜೋಡಿಸಿಟ್ಟರು. ನೆಲ ಅಂಗೈಯಂತಾಯಿತು. ಕಂಪನಿಯವರು ಬಂದು ಆ ಖಾಲಿ ನೆಲದ ಫೋಟೋ ತೆಗೆದುಕೊಂಡು ಹೋದರು. ಹಬ್ಬದ ದಿನ ಕಲ್ಲು ಮತ್ತೆ ನೆಡಲು ಹೋದರೆ ಸುತ್ತ ತಂತಿಬೇಲಿ ಬಿದ್ದಿತ್ತು. ಎಡೆಯನ್ನು ಬೇಲಿಯ ಹೊರಗಿಟ್ಟು ಬಂದರು. ಆಮೇಲೆ ಬೇಲಿಯೊಳಗೆ ಹೋಗಲು ಅವರಿಗೆ ಉಳಿದದ್ದು ಒಂದೇ ದಾರಿ, ಗುಂಡಿ ತೋಡುವ ಕೂಲಿ.

ಮಳೆಗೆ ಮುಂಚೆ ಸಿರುಗುಪ್ಪದ ಕಲ್ಯಾಣ ಮಂಟಪವೊಂದರಲ್ಲಿ ಪರಿಸರ ಯೋಜನೆಯ ಪರಿಶೀಲನಾ ಸಭೆ ನಡೆಯಿತು. ಕೂಲಿಯವರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದರು. ಬಾಗಿಲಲ್ಲೇ ದೊಡ್ಡಬಸವರಾಜ ಮಾರೆಮ್ಮನನ್ನು ನಿಲ್ಲಿಸಿದ.

"ಲೇ ಮಾರೆಮ್ಮ, ಸಾಹೇಬ್ರು ಕೇಳಿದ್ರ ಕೆಲಸ ಸಿಕ್ಕೈತಿ, ಚೊಲೋ ಆಗೈತಿ ಅನ್ನು. ಮುಂದ ಸಸಿಗೆ ನೀರು ಹಾಕೋ ಕೆಲಸಾನೂ ನಿನಗ ಕೊಡ್ತೀನಿ."

"ಹಂಗ ಅನ್ಲಿಲ್ಲಾಂದ್ರ ಗೌಡ್ರ?"

"ಬ್ಯಾರೇರು ಭಾಳ ಮಂದಿ ಅದಾರ."

ವೇದಿಕೆಯ ಮೇಲೆ ಬಳ್ಳಾರಿಯಿಂದ ಬಂದ ಅಧಿಕಾರಿ ಕೂತಿದ್ದರು. ಕೆಟ್ಟ ಮನುಷ್ಯರಲ್ಲ, ಮೃದುವಾಗಿ ಮಾತಾಡುವವರು. ಮೈಕು ಮಾರೆಮ್ಮನ ಕೈಗೆ ಬಂತು.

"ಕೆಲಸ ಸಿಕ್ಕೈತ್ರಿ," ಅಂದಳು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮೈಕು ಕಸಿದುಕೊಳ್ಳಲು ಬಂದವನಿಗೆ ಅವಳು ಕೊಡಲಿಲ್ಲ. "ಆದ್ರ ನೀವು ಗಿಡ ಹಚ್ಚೋ ಜಾಗದಾಗ ನಮ್ಮೋರು ಅದಾರ್ರಿ."

"ಮನೆಗಳಿವೆಯೇನಮ್ಮಾ ಅಲ್ಲಿ?"

"ಮನಿ ಅಲ್ರಿ. ನಮ್ಮ ಹೆಣ ಹೂಳೋ ಜಾಗರಿ ಅದು."

ಗಾದಿಲಿಂಗನ ಅಣ್ಣ ಓಬಣ್ಣ ಎದ್ದು ನಿಂತ. "ಖರೇ ಐತ್ರಿ. ನಮ್ಮಪ್ಪನ್ನ, ನಮ್ಮವ್ವನ್ನ ಅಲ್ಲೇ ಇಟ್ಟೀವ್ರಿ." ಹಿಂದೆ ಕೂತಿದ್ದ ಕೇರಿಯವರೂ ಒಬ್ಬೊಬ್ಬರಾಗಿ ಎದ್ದರು. ಅಧಿಕಾರಿ ಮರುದಿನವೇ ಜಾಗ ನೋಡಲು ಬರುವುದಾಗಿ ಹೇಳಿದರು.

ಬಂದರು ಕೂಡ, ಜೊತೆಗೆ ದೊಡ್ಡಬಸವರಾಜ ಮತ್ತು ಕಂಪನಿಯವನೊಬ್ಬ. ಬೇವಿನ ನೆರಳಲ್ಲಿ ನಿಂತು ಕಲ್ಲುಗಳನ್ನು ನೋಡಿದರು.

"ಕಲ್ಲು ಇವೆ, ಸರಿ. ಆದರೆ ಇಲ್ಲಿಯವೇ ಅನ್ನೋದಕ್ಕೆ ಏನು ಆಧಾರ? ಫೋಟೋದಲ್ಲಿ ನೆಲ ಖಾಲಿ ಇದೆ. ಒಂದು ಕಡೆ ಅಗೆದು ತೋರಿಸಿ, ಕಂಡದ್ದನ್ನು ಬರೆದುಕೊಳ್ತೀನಿ."

ಕಲ್ಲು ಕಿತ್ತ ಮೇಲೆ ತಮ್ಮವರು ಇಂಥಲ್ಲೇ ಅಂತ ಬೆರಳಿಟ್ಟು ತೋರಿಸಲು ಬಹಳ ಜನಕ್ಕೆ ಆಗುತ್ತಲೂ ಇರಲಿಲ್ಲ.

"ಹೆತ್ತವ್ರನ್ನ ಎಬ್ಬಸಂತೀರೇನ್ರಿ?" ಓಬಣ್ಣ ಕೇಳಿದ.

"ತೋರಿಸದಿದ್ದರೆ ಇಲ್ಲ ಅಂತ ಬರೀಬೇಕಾಗುತ್ತಪ್ಪ. ನನ್ನ ಕೈಯಲ್ಲೇನಿದೆ?"

"ಇಲ್ಲೇನೂ ಇಲ್ಲಂತ ನಾ ಮೊದಲ ಹೇಳಿದ್ನಲ್ರಿ ಸಾರ್," ಅಂತ ದೊಡ್ಡಬಸವರಾಜ ನಕ್ಕ.

ಆ ನಗು ಕೇಳಿ ಮಾರೆಮ್ಮನ ಮೈ ಉರಿಯಿತು. ಹಾರೆ, ಸಲಿಕೆ ಎತ್ತಿಕೊಂಡು ಮರದ ಬುಡಕ್ಕೆ ನಡೆದಳು.

"ಬ್ಯಾಡ ಮಾರೆಮ್ಮ. ಪಾಪ ಬರ್ತೈತಿ," ಓಬಣ್ಣ ಅಡ್ಡ ಬಂದ.

"ಬಂದ್ರ ನನಗ ಬರಲಿ ಬಾವ. ಸರೀರಿ."

ತೋಡಿದಳು. ಸಿಟ್ಟಿನಿಂದ ಶುರುವಾದದ್ದು ಮೊಣಕಾಲುದ್ದ ಹೋಗುವಷ್ಟರಲ್ಲಿ ಅಳುವಾಗಿತ್ತು. "ತಾಳು, ಇನ್ನೊಂದೀಟು ತಾಳು" ಎಂದು ಮಣ್ಣಿಗೆ ಹೇಳುತ್ತಿದ್ದಳು. ಸೊಂಟದಾಳಕ್ಕೆ ಹೋದ ಮೇಲೆ ಸಲಿಕೆ ಬದಿಗಿಟ್ಟು ಕೈಯಿಂದ ಕೆದರಿದಳು. ಅವಳೇ ಹೊದಿಸಿದ್ದ ಟೆರಿಕಾಟ್ ಶಾಲು ಕಂಡಿತು. ಬಣ್ಣ ಕೂಡ ಇನ್ನೂ ಹೋಗಿರಲಿಲ್ಲ. ಅದರ ಅಂಚನ್ನು ಸರಿಸಿ ಮುಖ ತಿರುಗಿಸಿಕೊಂಡಳು.

ಅಧಿಕಾರಿ ಕರವಸ್ತ್ರ ಮೂಗಿಗೆ ಹಿಡಿದರು. "ಸಾಕು, ಸಾಕಮ್ಮ." ಫೋಟೋ ತೆಗೆಸಿದರು. ಆಮೇಲೆ ಕಂಪನಿಯವನಿಗೆ ಹೇಳಿದರು: "ಇಲ್ಲಿ ಒಂದು ಸಮಾಧಿ ಇರೋದು ನಿಜ. ಇದರ ಸುತ್ತ ಆರಡಿ ಬಿಟ್ಟುಬಿಡಿ. ಉಳಿದ ಕಡೆ ಸಸಿ ನೆಡಬಹುದು."

ಮಾರೆಮ್ಮ ಗುಂಡಿಯೊಳಗಿಂದಲೇ ತಲೆ ಎತ್ತಿದಳು. "ಉಳದೋರು?"

"ಅವರನ್ನೂ ಹೀಗೇ ತೋರಿಸಿದರೆ ಬರೆದುಕೊಳ್ತೀನಮ್ಮ."

ಅವಳು ಶಾಲು ಹೊದಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದಳು. ಸಲಿಕೆಯ ಹಿಡಿಯನ್ನು ಸೆರಗಿನಿಂದ ಒರೆಸಿ ಅಧಿಕಾರಿಯ ಮುಂದೆ ಚಾಚಿದಳು.

"ತಗೋರ್ರಿ ಸಾಹೇಬ್ರ. ನನ್ನ ಗಂಡನ್ನ ನಾ ಅಗದು ತೋರಿಸೀನಿ. ಉಳದೋರನ್ನ ನೀವ ಅಗೀರಿ. ಎಲ್ಲಿ ಅಗದ್ರೂ ಸಿಗ್ತಾರ."

ಅಧಿಕಾರಿಯ ಕೈ ಮುಂದೆ ಬರಲಿಲ್ಲ. ದೊಡ್ಡಬಸವರಾಜನ ಕಡೆ ತಿರುಗಿಸಿದಳು, ಅವನು ಹಿಂದೆ ಸರಿದ. ಓಬಣ್ಣ ಹೋಗಿ ಮೊದಲ ಸಾಲಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅವನ ಪಕ್ಕದ ಗುಂಡಿಯಲ್ಲಿ ಇನ್ನೊಬ್ಬ ಕೂತ. ಹೆಂಗಸರೂ ಬಂದು ಕೂತರು. ಸಸಿ ಹೊತ್ತ ಟ್ರ್ಯಾಕ್ಟರು ಬೇಲಿಯ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಲೇ ಇತ್ತು. ಯಾರೂ ಏಳಲಿಲ್ಲ. ಮಾರೆಮ್ಮ ಸಲಿಕೆಯನ್ನು ಮತ್ತೆ ಅಧಿಕಾರಿಯ ಕಡೆಗೆ ಚಾಚಿದಳು.

"ಹಿಡೀರಿ," ಅಂದಳು.