ಬ್ಯಾರನ್ನಿಗೆ ಬಂದ ಮುಯ್ಯಾಳು

ಆ ದಿನ ಬೆಳಿಗ್ಗೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮ ತಿಂಡಿ ಅಂಗಡಿಯಲ್ಲಿ ಅಕ್ಕಿ ಶಾವಿಗೆ ಬೇಯಲು ಇಟ್ಟು ಓಣಿ ದಾಟುವುದು, ನೆರೆಯ ಫುಂಗ್‌ಮೋಯ್ ಚಿಕ್ಕಮ್ಮ ಹಿಂದೆ ಹೊಗೆಸೊಪ್ಪು ಒಣಗಿಸುತ್ತಿದ್ದ ಬ್ಯಾರನ್ ಮನೆಯ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವುದು, ವಾಪಸ್ ಬರುವುದು. ಇದೇ ಆಗಿತ್ತು.

ಮಧ್ಯಾಹ್ನದ ಮೇಲೆ ಹಳೆಯ ತಂಬಾಕು ಬ್ಯಾರನ್‌ಗಳನ್ನು ನೋಡಿ, ಉಳಿಸಲು ತಕ್ಕವನ್ನು ದುರಸ್ತಿಗೆ ಆರಿಸುವ ತಂಡವೊಂದು ನಮ್ಮ ಊರು ಮೇನೊಂಗಿಗೆ ಬರುವುದಿತ್ತು. ಅವರು ಒಪ್ಪಿದರೆ ಚಿಕ್ಕಮ್ಮನ ಬ್ಯಾರನ್ನಿಗೆ ಹೊಸ ಸೂರು. ಒಪ್ಪದಿದ್ದರೆ, ಮುಂದಿನ ಬಿರುಗಾಳಿಗೆ ಅದು ಅಮ್ಮನ ತಲೆಯ ಮೇಲೇ ಬಿದ್ದೀತೆಂದು ಹೆದರಿದ್ದ, ಬೇರೆ ಊರಲ್ಲಿರುವ ಅವಳ ಮಗ, ಹೊಸ ವರ್ಷ ಕಳೆಯುತ್ತಲೇ ಯಂತ್ರ ತರಿಸಿ ಕೆಡವುವವನಿದ್ದ.

ಹೊಗೆಸೊಪ್ಪು ಬೆಳೆಯುವುದು ನಿಂತ ಮೇಲೆ ಬ್ಯಾರನ್ ಅಂದರೆ ಮನೆಗೆ ಬೇಡವಾದದ್ದನ್ನೆಲ್ಲ ತುರುಕುವ ಜಾಗ. ಕಾಲು ಮುರಿದ ಮಂಚ, ಕೆಟ್ಟ ಟಿಲ್ಲರ್, ಸಾಸಿವೆ ಸೊಪ್ಪು ಉಪ್ಪು ಹಾಕುವ ಜಾಡಿಗಳು, ಗಂಡ ಬಿಟ್ಟುಹೋದ ಕಲ್ಲಿದ್ದಲ ಚೀಲಗಳು. ಇವೆಲ್ಲದರ ಮೇಲೆ ಕೋಳಿಗಳ ಸಂಸಾರ. ಮಂಡಿನೋವಿನ ಚಿಕ್ಕಮ್ಮ ಅದನ್ನೆಲ್ಲ ಒಬ್ಬಳೇ ಹೊರಗೆಳೆಯುತ್ತಿದ್ದಳು.

"ಚಿಕ್ಕಮ್ಮಾ, ನಾನೂ ಒಂದು ಕೈ ಹಾಕ್ತೀನಿ ಬಿಡಿ."

"ಹಾಕಿ? ಆಮೇಲೆ ನಾನೇನು ತೀರಿಸ್ಲಿ? ಗದ್ದೆ ಇದ್ಯಾ ನಂಗೆ, ಮನೇಲಿ ಜನ ಇದ್ದಾರಾ? ಹೋಗೇ, ನಿನ್ನ ಶಾವಿಗೆ ತಳ ಹಿಡೀತಿದೆ."

ಇದು ಅವಳೊಬ್ಬಳ ಹಟ ಅನ್ನುವ ಹಾಗಿಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಊರು ನಡೆದದ್ದೇ ಮುಯ್ಯಾಳಿನ ಮೇಲೆ. ಇವತ್ತು ನಮ್ಮ ಹೆಂಗಸರು ನಿಮ್ಮ ಎಲೆಯನ್ನು ಒಣಗಿಸುವ ಕೋಲಿಗೆ ಪೋಣಿಸಿದರೆ ನಾಳೆ ನಿಮ್ಮವರು ನಮ್ಮದು. ತೀರಿಸಲಾಗದ ಆಳನ್ನು ಕರೆಯುವುದೂ ಒಂದೇ, ಬಟ್ಟಲು ಹಿಡಿದು ಬೇಡುವುದೂ ಒಂದೇ ಎಂದು ಬೆಳೆದವರು ಇವರು.

ಕೊನೆಗೆ ಅತ್ತೆಯ ಹತ್ತಿರ ಓಡಿದೆ. ನಮ್ಮ ಅತ್ತೆ ಚೊಯ್‌ಲಾನ್, ಗದ್ದೆಯಾಚೆಯ ಚಪ್ಪರದಲ್ಲಿ ಕೊಳದ ದಂಟನ್ನು ಕಟ್ಟು ಕಟ್ಟುತ್ತಿದ್ದಳು. ನೀರಿನಲ್ಲಿ ಆಳುದ್ದ ಬೆಳೆಯುವ ಈ ದಂಟಿನ ಸೊಪ್ಪನ್ನು ಮಾರಿದರೇ ಈಗ ನಮಗೆ ಅನ್ನ. ಎಲ್ಲ ಕೇಳಿಸಿಕೊಂಡು, "ನಿಂಗೆ ಕೇಳೋಕೆ ಬರಲ್ಲ" ಎಂದು ಕೈ ಒರೆಸಿಕೊಂಡು ಹೊರಟಳು.

"ಏ ಫುಂಗ್‌ಮೋಯ್, ದಂಟು ಕಟ್ಟೋಕೆ ಆಳಿಲ್ದೆ ಸಾಯ್ತಿದೀನಿ. ಮುಯ್ಯಿ ಮಾಡ್ಕೊಳ್ಳೋಣ. ಈಗ ನಾವು ಬರ್ತೀವಿ, ಆಮೇಲೆ ನೀನು ಬಾ. ಆದ್ರೆ ನಿಂದು ಮುದುಕಿ ಕೈ. ನಮ್ಮದೊಂದಕ್ಕೆ ನಿಂದು ಎರಡು ಬೇಕು."

"ಯಾರ ಕೈಯೇ ಮುದುಕಿದು? ನೀನು ಒಂದು ಕೋಲು ಪೋಣಿಸೋ ಹೊತ್ತಿಗೆ ನಾನು ಎರಡು ಮುಗಿಸಿ ಹರಟೆ ಹೊಡೀತಿದ್ದೆ!"

"ಹರಟೆ ಹೊಡೀತಿದ್ದದ್ದು ನಿಜ."

"ಒಂದಕ್ಕೆ ಒಂದು. ಆಗಲ್ಲಾಂದ್ರೆ ದಾರಿ ನೋಡ್ಕೋ."

"ಆಯ್ತಪ್ಪ, ನಷ್ಟ ನಂಗೇ ಇರ್ಲಿ!"

ಅತ್ತೆ, ನಾನು, ನನ್ನ ಗಂಡ ನುಗ್ಗಿದೆವು. ಊಟದ ಹೊತ್ತಿಗೆ ಬ್ಯಾರನ್ ಖಾಲಿ. ಎಲೆಯ ಕೋಲು ಸಾಲುಸಾಲಾಗಿ ಕೂರುತ್ತಿದ್ದ ಅಡ್ಡಮರಗಳು ಸೂರಿನವರೆಗೆ ಕಂಡವು. ನಾನು ಅಂಗಡಿಗೆ ಓಡಿದೆ, ಶಾವಿಗೆ ತಳ ಹಿಡಿದೇ ಇತ್ತು.

ತಂಡದ ಕಾರು ಬಂದಾಗ ನೋಡಿದರೆ ಚಿಕ್ಕಮ್ಮನೇ ಇಲ್ಲ!

ತಂಡದ ಮುಂದಾಳು ಚಿಯು ಎಂಬ ಹೆಂಗಸು ಗಡಿಯಾರ ನೋಡಿಕೊಂಡಳು. "ಯಜಮಾನಿ ಇಲ್ದೆ ಒಳಗೆ ಕಾಲಿಡೋ ಹಾಗಿಲ್ಲಮ್ಮ. ಕಾಗದಕ್ಕೆ ಒತ್ತೋಕೆ ಅವರ ಹೆಸರಿನ ಮೊಹರೂ ಬೇಕು. ಇನ್ನೂ ಬೇರೆ ಬ್ಯಾರನ್ ನೋಡ್ಬೇಕು. ಸ್ವಲ್ಪ ಹೊತ್ತು ಕಾಯ್ತೀವಿ, ಅಷ್ಟೇ."

ಗದ್ದೆಯ ಬದುವಿನ ಮೇಲೆ ಬಿದ್ದೆನೋ ಎದ್ದೆನೋ ಎನ್ನುವಂತೆ ಓಡಿದೆ. ಚಿಕ್ಕಮ್ಮ ನಮ್ಮ ಚಪ್ಪರದಲ್ಲಿ ಮಣೆಯ ಮೇಲೆ ಕೂತು ದಂಟು ಕಟ್ಟುತ್ತಿದ್ದಳು. ಎದುರಿಗೆ ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದಳು.

"ಇವಳಿಗೆ ಬುದ್ಧಿ ಹೇಳೇ! ಇವತ್ತೇ ತೀರಿಸು ಅಂತ ಯಾರು ಅಂದ್ರು?"

"ನೀವು ಊಟದ ತನಕ ದುಡಿದ್ರಿ, ನಾನು ಊಟದಿಂದ ಸಂಜೆ ತನಕ. ನಿನ್ನ ಮುಯ್ಯಿ ಇವತ್ತು ತೀರಿಸ್ತೀನಿ, ನಿನ್ನ ಮಗಂದು, ಸೊಸೇದು ನಾಳೆಯಿಂದ. ಇವತ್ತಾದ್ರೆ ಮಂಡಿ ಬಿಸಿ ಇದೆ, ನಾಳೆ ಏಳುತ್ತೋ ಇಲ್ವೋ."

"ಚಿಕ್ಕಮ್ಮಾ, ಅವರು ಬಂದಿದ್ದಾರೆ! ನೀವಿಲ್ದೆ ಒಳಗೇ ಹೋಗಲ್ವಂತೆ!"

ಅವಳ ಕೈ ನಿಂತಿತು. ಮತ್ತೆ ಚಲಿಸಿತು. "ಅರ್ಧಕ್ಕೇ ಎದ್ದು ಹೋದ ಮುಯ್ಯಾಳು ಅನ್ನಿಸ್ಕೊಳ್ಳಲ್ಲ ನಾನು."

"ನಿನ್ನ ಮುಯ್ಯಿಯೇ ನಂಗೆ ಬೇಡ, ಹೋಗು ಮಾರಾಯ್ತಿ!"

"ಬೇಡ ಅನ್ನೋಕೆ ನೀನ್ಯಾರು? ಮಾತು ಆಗಿದೆ."

ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಮುಯ್ಯಾಳಿಗೆ ಇಂಥವರೇ ಬರಬೇಕೆಂದೇನೂ ಇರಲಿಲ್ಲ. ಅಮ್ಮನಿಗೆ ಜ್ವರವಾದರೆ ಮಗಳು ಬರುತ್ತಿದ್ದಳು. "ನಿಮ್ಮ ಮನೆ ಆಳಾಗಿ ನಾನು ಕೂರ್ತೀನಿ" ಎಂದೆ.

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಚೊಯ್‌ಲಾನ್, ಸಂಜೆ ತನಕ ಇವಳು ನನ್ನ ಸೊಸೆ. ಒಪ್ಪಿಗೇನಾ?"

"ಇಟ್ಕೋ. ತಿನ್ನೋದು ಜಾಸ್ತಿ, ಹೇಳಿರ್ತೀನಿ."

ಅವಳು ಕುಂಟುತ್ತ ಹೋದಳು. ನಾನು ಮಣೆಯ ಮೇಲೆ ಕೂತೆ. ಕೂತದ್ದು ಮೈ ಮಾತ್ರ. ಚಪ್ಪರದಿಂದ ಕಾಣುವುದು ಬ್ಯಾರನ್ನಿನ ನೆತ್ತಿಯ ಪುಟ್ಟ ಸೂರಷ್ಟೇ, ಬಿಸಿಗಾಳಿ ಹೋಗಲಿ ಎಂದು ಕಟ್ಟಿದ್ದು. ಅತ್ತೆ ತುದಿಗಾಲಲ್ಲಿ ನಿಂತು ಅತ್ತಲೇ ನೋಡುತ್ತಿದ್ದಳು.

"ಯಾರೋ ಮೇಲೆ ಹತ್ತಿದ್ದಾರೆ ಕಣೆ. ಕಿಟಕಿ ತೆಗೀತಿದ್ದಾರೆ."

"ನಾನೂ ನೋಡ್ಲಾ?"

"ಕೂತ್ಕೋ. ನೀನು ಅವರ ಮನೆ ಆಳು, ನಾನು ಯಜಮಾನಿ. ನಾನು ನೋಡ್ತೀನಿ, ನೀನು ಕಟ್ಟು."

ಕಟ್ಟಿದೆ. ಯಾವುದು ಬೇರು, ಯಾವುದು ತುದಿ ತಿಳಿಯಲಿಲ್ಲ. ಕಾರು ಹೊರಟ ಸದ್ದು ಕೇಳಿಸಿತು. ಇಷ್ಟು ಬೇಗ ಹೊರಟುಬಿಟ್ಟರಲ್ಲ!

ಚಿಕ್ಕಮ್ಮ ಬಂದಳು, ಹೋದಷ್ಟೇ ನಿಧಾನವಾಗಿ. ಬಂದವಳು ನಾನು ಕಟ್ಟಿದ್ದರಲ್ಲಿ ಒಂದನ್ನು ಎತ್ತಿ ಅಲ್ಲಾಡಿಸಿದಳು. "ಇದೇನು ಕಟ್ಟೋ, ಹಕ್ಕಿ ಗೂಡೋ?"

"ಬಾಯಿ ಬಿಡ್ತೀಯೋ ಇಲ್ವೋ!" ಎಂದು ಅತ್ತೆ ಕಿರುಚಿದಳು.

"ಮೊಹರು ಒತ್ತಿಸ್ಕೊಂಡ್ರು. ಸೂರು ಮಾಡಿಸ್ತಾರಂತೆ. ಯಂತ್ರ ಗಿಂತ್ರ ತರಬೇಡ ಅಂತ ಮಗನಿಗೂ ಫೋನ್ ಮಾಡಿದೆ." ನನ್ನ ಭುಜ ಹಿಡಿದು ಮಣೆಯಿಂದ ಎಬ್ಬಿಸಿ ಕೂತಳು. ನನ್ನ ಕಟ್ಟನ್ನು ಬಿಚ್ಚಿದಳು. ಅದನ್ನೇ ಮತ್ತೆ ಕಟ್ಟುತ್ತ, ತಲೆ ಎತ್ತದೆ, "ಹಳೇ ಹೆಂಚು ಇಳಿಸಿ ತೊಳೆದು ಇಡ್ಬೇಕಂತೆ. ನಿಮ್ಮನೆಯಿಂದ ಎಷ್ಟು ಜನ ಬರ್ತೀರಿ?" ಎಂದು ಕೇಳಿದಳು.

"ಮೂವರೂ. ಒಂದಕ್ಕೆ ಒಂದು" ಎಂದು ಅತ್ತೆ ಇನ್ನೊಂದು ರಾಶಿ ದಂಟನ್ನು ಎಳೆದು ಅವಳ ಮುಂದೆ ಸುರಿದಳು.